ಇಂಗ್ಲಿಷ್ ವಾಕ್ಯದಲ್ಲಿ ‘ಚೆನ್ನಾಗಿ’ ಎಂಬುದರ ಸ್ಥಾನ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ವ್ಯಾಕರಣದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಹೆಣ್ಣುಮಕ್ಕಳ ಬಾಯಿ ಕಟ್ಟುತ್ತಿರುವ ಒಂದು ಸಣ್ಣ ತಪ್ಪಿನ ವಿಷಯವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ‘ಅವಳು ಇಂಗ್ಲಿಷನ್ನು ಚೆನ್ನಾಗಿ ಮಾತನಾಡುತ್ತಾಳೆ’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳೆಂದರೆ, ಹುಡುಗಿಯು ‘ಷೀ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎನ್ನುತ್ತಾಳೆ. ‘ಷೀ ಸ್ಪೀಕ್ಸ್ ಇಂಗ್ಲಿಷ್ ವೆಲ್’ ಎಂದಿರತಕ್ಕದ್ದು. ಪದಗಳೆಲ್ಲವೂ ಸರಿಯೇ, ಕ್ರಿಯಾವಿಶೇಷಣವೊಂದು ಮಾತ್ರ ತನ್ನ ಎಡೆಯನ್ನು ಬಿಟ್ಟು ಪಕ್ಕದ ಎಡೆಯಲ್ಲಿ ಕುಳಿತಿದೆ. ಇಷ್ಟಕ್ಕೇ ತರಗತಿಯಲ್ಲಿ ನಗೆಯೇಳುತ್ತದೆ. ಮುಂದೆ ಕೆಲಸಕ್ಕಾಗಿ ಸಂದರ್ಶನಕ್ಕೆ ಹೋದಾಗ ಎದುರಿನವರು ಹುಬ್ಬೇರಿಸುತ್ತಾರೆ. ಎರಡು ಸಲ ನಗೆಗೀಡಾದವಳು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ.

ಈ ತಪ್ಪು ಅಜ್ಞಾನದಿಂದ ಹುಟ್ಟಿದ್ದಲ್ಲ, ವಿವೇಚನೆಯಿಂದಲೇ ಹುಟ್ಟಿದ್ದು ಎಂಬುದು ನಮ್ಮ ಅಭಿಪ್ರಾಯವು. ಹೇಗೆಂದರೆ, ‘ಹುಡುಗಿಯರು ನಿನ್ನೆ ಚುಂಚನಕಟ್ಟೆಯಲ್ಲಿ ಇಂಪಾಗಿ ಹಾಡಿದರು’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಕರ್ತೃಪದವಾದ ಮೇಲೆ ಮೊದಲು ಯಾವಾಗ, ಅನಂತರ ಎಲ್ಲಿ, ಅನಂತರ ಹೇಗೆ, ಕಟ್ಟಕಡೆಗೆ ಕ್ರಿಯಾಪದ. ಇಂಗ್ಲಿಷಿನಲ್ಲಿ ‘ದ ಗರ್ಲ್ಸ್ ಸ್ಯಾಂಗ್ ಸ್ವೀಟ್ಲಿ ಅಟ್ ಚುಂಚನಕಟ್ಟೆ ಯೆಸ್ಟರ್‌ಡೇ’ ಎನ್ನುತ್ತಾರೆ. ಇಲ್ಲಿ ಕರ್ತೃಪದದ ಮುಂದೆಯೇ ಕ್ರಿಯಾಪದ, ಆಮೇಲೆ ಹೇಗೆ, ಎಲ್ಲಿ, ಯಾವಾಗ. ಕರ್ತೃಪದವೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲವೂ ಕನ್ನಡದ ಕ್ರಮದ ತಿರುಗುಮುರುಗು. ಈ ಗುಟ್ಟನ್ನು ಯಾರೂ ಹೇಳಿಕೊಡದಿದ್ದರೂ ಜಾಣೆಯಾದ ಹುಡುಗಿಯು ತಾನೇ ಕಂಡುಕೊಳ್ಳುತ್ತಾಳೆ.

ಕರ್ಮಪದವು ಬಂದಾಗಲೇ ಅವಳು ಎಡವುವುದು. ‘ತಾಯಿಯು ಸೊಪ್ಪನ್ನು ಎಚ್ಚರಿಕೆಯಿಂದ ಕಟ್ಟಿದಳು’ ಎಂಬುದು ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸೀಮೆಯ ಮಗುವಿಗೆ ವಿವರಣೆ ಬೇಡದ ವಾಕ್ಯವು. ಇದನ್ನು ಅದೇ ಸೂತ್ರದಂತೆ ಹಿಂದುಮುಂದಾಗಿಸಿದರೆ ‘ಮದರ್ ಟೈಡ್ ಕೇರ್‌ಫುಲಿ ದ ಲೀವ್ಸ್’ ಎಂದೇ ಆಗುತ್ತದೆ! ಇಂಗ್ಲಿಷಿನವರಾದರೋ ‘ಮದರ್ ಟೈಡ್ ದ ಲೀವ್ಸ್ ಕೇರ್‌ಫುಲಿ’ ಎನ್ನುವರು. ಅಂದರೆ ಕರ್ಮಪದವೊಂದು ಮಾತ್ರ ಸಾಲನ್ನು ಮುರಿದು ಮುಂದಕ್ಕೆ ಬಂದು ಕ್ರಿಯಾಪದಕ್ಕೆ ಅಂಟಿ ನಿಲ್ಲುತ್ತದೆ. ಹುಡುಗಿಯು ಸೂತ್ರವನ್ನು ಸರಿಯಾಗಿಯೇ ಹಿಡಿದಿದ್ದಳು. ಸೂತ್ರಕ್ಕೆ ಇರುವ ಈ ಒಂದು ಅಪವಾದವನ್ನು ಅವಳಿಗೆ ಹೇಳಿದವರಿಲ್ಲ.

ಈ ಅಪವಾದಕ್ಕೂ ಕಾರಣವುಂಟು. ‘ಆನೆಯು ಹುಡುಗನನ್ನು ನೋಡಿತು’ ಎಂದರೂ ‘ಹುಡುಗನನ್ನು ಆನೆಯು ನೋಡಿತು’ ಎಂದರೂ ನಮ್ಮಲ್ಲಿ ನೋಡಿದ್ದು ಆನೆಯೇ. ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯವು ಕರ್ಮಪದದ ಗುರುತಾಗಿ ಅಂಟಿಕೊಂಡಿರುವುದರಿಂದ ಅದು ಎಲ್ಲಿ ನಿಂತರೂ ಗುರುತು ಕೆಡುವುದಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನ ನಾಮಪದಗಳಿಗೂ ಇಂಥ ವಿಭಕ್ತಿಗಳಿದ್ದುವು. ಕಾಲಕ್ರಮದಲ್ಲಿ ಅವು ಬಹುಮಟ್ಟಿಗೆ ಉದುರಿಹೋದುವು. ಗುರುತು ಹೋದ ಮೇಲೆ ಸ್ಥಾನವೇ ಗುರುತಾಯಿತು. ಈಗ ಆ ಭಾಷೆಯಲ್ಲಿ ಆನೆ ಹುಡುಗರ ಎಡೆಗಳನ್ನು ಬದಲಿಸಿದರೆ ನೋಡಿದವರು ಯಾರು, ನೋಡಿಸಿಕೊಂಡವರು ಯಾರು ಎಂಬುದೇ ಬದಲಾಗುತ್ತದೆ. ಆದುದರಿಂದಲೇ ಕರ್ಮಪದವು ಕ್ರಿಯಾಪದವನ್ನು ಬಿಟ್ಟು ಅಗಲುವುದಿಲ್ಲ.

ಹೀಗೆ ಎಡವುವುದು ಒಂದು ಜಾತಿಯ ಅಥವಾ ಒಂದು ಊರಿನ ಮಕ್ಕಳಲ್ಲ. ಮನೆಮಾತು ಕನ್ನಡವಾಗಿರಲಿ, ಹುಣಸೂರು ಪೇಟೆಯ ಉರ್ದುವಾಗಿರಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ನುಡಿಯಾಗಿರಲಿ, ವಯನಾಡಿನ ಗಡಿಯ ಮಲಯಾಳವಾಗಿರಲಿ, 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಭಾಷೆಯಾಗಿರಲಿ, ಇವೆಲ್ಲವುಗಳಲ್ಲಿಯೂ ಕ್ರಿಯಾಪದಕ್ಕೆ ವಾಕ್ಯದ ಕೊನೆಯೇ ಮನೆ. ಬೇರೆ ಬೇರೆ ವಂಶದ ಈ ಭಾಷೆಗಳು ಈ ಒಂದು ವಿಷಯದಲ್ಲಿ ಒಕ್ಕಟ್ಟಾಗಿವೆ. ಆದುದರಿಂದ ನಮ್ಮ ನಾಲ್ಕು ತಾಲ್ಲೂಕುಗಳ ಯಾವ ಮನೆಯಿಂದ ಬಂದ ಮಗುವಿಗೂ ಇಂಗ್ಲಿಷಿನ ವಾಕ್ಯಕ್ರಮವು ಹೊಸದೇ. ಇನ್ನೂ ಒಂದು ಮಾತು: ಇಂಗ್ಲೆಂಡಿನ ನೆರೆಯವರಾದ ಫ್ರೆಂಚರು ತಮ್ಮ ಭಾಷೆಯಲ್ಲಿ ‘ಮಾತನಾಡುತ್ತಾಳೆ ಚೆನ್ನಾಗಿ ಫ್ರೆಂಚನ್ನು’ ಎಂಬ ಕ್ರಮದಲ್ಲಿಯೇ ನುಡಿಯುತ್ತಾರೆ, ಅಲ್ಲಿ ಅದು ಶುದ್ಧ. ಕಡಲ ಕಾಲುವೆಯ ಆಚೆ ಶುದ್ಧವಾದುದು ಈಚೆ ಅಶುದ್ಧವಾಗುವುದಾದರೆ, ಅದು ಭಾಷೆಯ ರೂಢಿಯ ಮಾತೇ ಹೊರತು ಬುದ್ಧಿಯ ಮಾತಲ್ಲ.

ರೂಢಿಯನ್ನು ಕಲಿಯಲೇಬೇಕು, ತಪ್ಪನ್ನು ತಪ್ಪೆಂದು ತಿದ್ದಲೇಬೇಕು. ಇದರಲ್ಲಿ ನಮಗೆ ಸಡಿಲಿಕೆಯಿಲ್ಲ. ಕಲಿಸುವ ಬಗೆಯನ್ನು ಕುರಿತು ಮಾತ್ರ ನಮ್ಮ ವಾದ. ಕನ್ನಡ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ಇಂಗ್ಲಿಷಿನದನ್ನು ಬರೆದು, ‘ಸಾಲನ್ನು ಹಿಂದುಮುಂದಾಗಿಸು, ಕರ್ಮಪದವನ್ನು ಕ್ರಿಯಾಪದಕ್ಕೆ ಅಂಟಿಸು’ ಎಂದರೆ ಒಂದು ಪಾಠದಲ್ಲಿ ತಿಳಿಯುವ ವಿಷಯವಿದು. ಯಾವಾಗಲೂ, ಎಂದಿಗೂ ಎಂಬರ್ಥದ ‘ಆಲ್ವೇಸ್’, ‘ನೆವರ್’ ಮೊದಲಾದವು ನಮ್ಮಲ್ಲಿಯಂತೆಯೇ ಕ್ರಿಯಾಪದದ ಹಿಂದೆ ಬರುತ್ತವೆಂದೂ, ‘ಈಸ್’ ಇದ್ದಲ್ಲಿ ಮಾತ್ರ ಅದರ ತರುವಾಯ ಬರುತ್ತವೆಂದೂ ಮರುದಿನ ಹೇಳಬಹುದು. ಕರ್ಮಪದವು ಬಹು ಉದ್ದವಾದಾಗ ‘ಕೇರ್‌ಫುಲಿ’ ಎಂಬಂಥ ಪದವು ಮೊದಲೇ ಬಂದರೂ ಇಂಗ್ಲಿಷಿನವರು ಒಪ್ಪುವರೆಂಬುದನ್ನು ದೊಡ್ಡ ತರಗತಿಯಲ್ಲಿ ತಿಳಿಸಬಹುದು.

ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು, ಕನ್ನಡವನ್ನು ನಡುವೆ ತರಬಾರದು ಎನ್ನುವವರಿದ್ದಾರೆ. ಮನೆಯಲ್ಲಿ ಹಗಲಿರುಳು ಇಂಗ್ಲಿಷು ಕಿವಿಗೆ ಬೀಳುವ ಮಗುವಿಗೆ ಅದು ತಕ್ಕುದೇ. ದಿನಕ್ಕೊಂದು ಪಾಠದ ಅವಧಿಯಲ್ಲಿ ಮಾತ್ರ ಅದನ್ನು ಕೇಳುವ ನಮ್ಮ ಮಕ್ಕಳಿಗೆ ತಿಳಿದ ಭಾಷೆಯೇ ತಿಳಿಯದ ಭಾಷೆಗೆ ಮೆಟ್ಟಿಲು. ಪಾಶ್ಚಾತ್ಯರು ನಮ್ಮ ಭಾಷೆಯನ್ನು ಕಲಿತ ಬಗೆಯನ್ನು ನೋಡಿರಿ. ವಿಲಿಯಂ ಕೇರಿಯವರು 1817ರಲ್ಲಿ, ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು 1859ರಲ್ಲಿ, ಕಿಟ್ಟೆಲರು 1903ರಲ್ಲಿ ಕನ್ನಡ ವ್ಯಾಕರಣಗಳನ್ನು ಪ್ರಕಟಿಸಿದರು. ಮೂವರೂ ಬರೆದದ್ದು ಇಂಗ್ಲಿಷಿನಲ್ಲಿ. ಕಿಟ್ಟೆಲರಂತೂ ಅದಕ್ಕೆ ಮೊದಲೇ, 1872ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ಮುದ್ರಿಸಿದ್ದರು. ಅವರ ಓದುಗರು ಇಂಗ್ಲಿಷಿನ ಮೆಟ್ಟಿಲ ಮೇಲೆ ಕಾಲಿಟ್ಟು ಕನ್ನಡಕ್ಕೆ ಏರಿದರು. ಆ ದೊಡ್ಡವರಿಗೆ ಸಲ್ಲುವ ಊರುಗೋಲು ನಮ್ಮ ಹುಡುಗಿಯರಿಗೆ ಏಕೆ ಸಲ್ಲಬಾರದು?

ಈಗ ಪೋಷಕರಲ್ಲಿ ಒಂದೆರಡು ಮಾತು. ರಾಜ್ಯದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿ ಸೇರಿತು. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯುವ ಯೋಜನೆಯು ಬಂದಿತು. ಮಗಳು ಮುಂದೆ ಬರಲೆಂಬ ನಿಮ್ಮ ಹಂಬಲವು ನ್ಯಾಯವಾದುದೇ; ಅದನ್ನು ನಾವು ಹಳಿಯುವುದಿಲ್ಲ. ಆದರೆ ಇಂಗ್ಲಿಷು ಬರಲೆಂದು ಮನೆಯಲ್ಲಿ ಕನ್ನಡದ ಓದನ್ನು ನಿಲ್ಲಿಸಬೇಡಿರಿ. ತನ್ನ ನುಡಿಯಲ್ಲಿ ಯಾವುದು ಕರ್ತೃ, ಯಾವುದು ಕರ್ಮ ಎಂದರಿಯದ ಮಗುವಿಗೆ ಪರಭಾಷೆಯಲ್ಲಿ ಅದನ್ನು ಅಂಟಿಸೆಂದರೆ ಏನನ್ನು ಅಂಟಿಸೀತು? ದಿನವೂ ಐದು ಸಾಲು ಕನ್ನಡ, ಐದು ಸಾಲು ಇಂಗ್ಲಿಷು, ಎರಡನ್ನೂ ಮಗಳು ಗಟ್ಟಿಯಾಗಿ ಓದಲಿ, ನೀವು ಕುಳಿತು ಕೇಳಿರಿ. ಇಂಗ್ಲಿಷು ತಿಳಿಯದ ತಾಯಿಯೂ ಕೇಳಬಹುದು. ಓದುವವಳಿಗೆ ಕೇಳುವವರಿರುವುದೇ ದೊಡ್ಡ ಬಲವು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಕಿರಿಯರಿಗೆ ಕೆಲಸ ಕಲಿಸುವ ಸ್ಥಾನದಲ್ಲಿದ್ದೀರಿ. ಹೊಸದಾಗಿ ಬಂದ ಹುಡುಗಿಯೊಬ್ಬಳು ‘ವೆಲ್’ ಎಂಬುದನ್ನು ತಪ್ಪು ಎಡೆಯಲ್ಲಿಟ್ಟು ಮಾತನಾಡಿದರೆ ನಗದಿರಿ. ಅವಳ ಮಾತನ್ನು ಪೂರ್ತಿಯಾಗಿ ಕೇಳಿ, ಆಮೇಲೆ ಬೇರೆಯಾಗಿ ಕರೆದು ಆ ಪದವನ್ನು ಅದರ ಎಡೆಗೆ ಸೇರಿಸಿಕೊಡಿರಿ. ಎಡೆ ತಪ್ಪಿದ ಪದವನ್ನು ಒಂದು ನಿಮಿಷದಲ್ಲಿ ಸರಿಪಡಿಸಬಹುದು. ಒಮ್ಮೆ ಮುಚ್ಚಿದ ಬಾಯನ್ನು ತೆರೆಯಿಸುವುದಕ್ಕೆ ವರ್ಷಗಳೇ ಬೇಕಾಗುವುವು.