ವೈದ್ಯರು ಕೇಳಲಿ, ರೋಗಿ ಹೇಳಲಿ

ಊರು ಬಿಟ್ಟು ಮುಂಬಯಿ ಸೇರಿ, ಹೊಟೇಲಿನಲ್ಲಿ ದುಡಿದು ಹತ್ತಾರು ಮಂದಿಯೊಂದಿಗೆ ಒಂದೇ ಕೋಣೆಯಲ್ಲಿ ಮಲಗುವ ಯುವಕನಿಗೆ ಲೈಂಗಿಕ ರೋಗದ ಸಂಶಯ ಬಂದರೆ ಯಾರಲ್ಲಿ ಹೇಳಬೇಕು? ಬಾಂದ್ರಾದ ಕ್ಲಿನಿಕ್‌ಗೆ ಹೋದರೆ ಜತೆಗೆ ಮಾಲಕರ ಕಡೆಯವರು. ಪಾಲಿಕೆಯ ಭಾಭಾ ಆಸ್ಪತ್ರೆಗೆ ಹೋದರೆ ಬೆನ್ನ ಹಿಂದೆ ಉದ್ದದ ಸಾಲು. ಜ್ವರವೆಂದಷ್ಟೇ ಹೇಳಿ ಮಾತ್ರೆ ತರುತ್ತಾನೆ. ಬಳಿಕ ಅವನ ಕಣ್ಣು ಹೋಗುವುದು ಲೋಕಲ್ ರೈಲಿನಲ್ಲಿ ಅಂಟಿಸಿದ 'ಗುಪ್ತರೋಗ' ಚೀಟಿಯತ್ತ.

ಇಲ್ಲಿ ಮೊದಲ ಹೆಜ್ಜೆ ವೈದ್ಯರದ್ದೇ. ಜತೆಗಾರರನ್ನು ಹೊರಗೆ ಕೂರಿಸಿ, ಇದು ಎಲ್ಲರಲ್ಲೂ ಕೇಳುವ ಪ್ರಶ್ನೆಯೆಂದು ತಿಳಿಸಿ, ಸಂಗಾತಿಗಳು, ಕಾಂಡೋಮ್ ಬಳಕೆ, ಹಿಂದಿನ ಪರೀಕ್ಷೆಗಳ ಬಗ್ಗೆ ನೇರವಾಗಿ ವಿಚಾರಿಸಬೇಕು. 'ಮದುವೆಯಾಗಿದೆಯೇ?' ಎಂಬ ಒಂದೇ ಪ್ರಶ್ನೆ ಸಾಲದು. ಗಂಡನಿಂದ ಹೆಂಡತಿಗೂ ಸೋಂಕು ತಗಲಬಹುದು. ಆಕೆಯನ್ನು ಕೇಳುವವರೇ ವಿರಳ. ಬುದ್ಧಿವಾದ ಶುರುವಾದರೆ ರೋಗಿಯ ಬಾಯಿ ಮುಚ್ಚುತ್ತದೆ. ಸಿಫಿಲಿಸ್, ಗೊನೊರಿಯಾ ಗುಣವಾಗುವ ರೋಗಗಳು. ಎಚ್‌ಐವಿಗೆ ಸರಕಾರ 2004ರಿಂದ ಉಚಿತ ಔಷಧ ನೀಡುತ್ತಿದೆ. ಮದ್ದಿದೆ, ಮಾತೇ ತಡವಾಗುತ್ತಿದೆ.

ರೋಗಿಗಳೂ ಅಂಜಬೇಕಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯಿದೆಯಂತೆ, ಸಾಮಾನ್ಯವಾಗಿ ರೋಗಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಸಲ್ಲದು. ಫಲಿತಾಂಶವನ್ನು ಅವರ ಒಪ್ಪಿಗೆಯಿಲ್ಲದೆ ಮಾಲಕರಿಗೋ ಊರವರಿಗೋ ತಿಳಿಸುವಂತಿಲ್ಲ. 1097ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ಸಿಗುತ್ತದೆ.

ಮುಂಬಯಿಯ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ರಕ್ತದಾನ, ಮಧುಮೇಹ, ನೇತ್ರ ತಪಾಸಣೆಯ ಶಿಬಿರಗಳನ್ನು ಅಭಿಮಾನದಿಂದ ನಡೆಸುತ್ತಿವೆ. ಅಂತಹ ಶಿಬಿರದಲ್ಲಿ ಪರದೆ ಕಟ್ಟಿದ ಒಂದು ಮೂಲೆಯಲ್ಲಿ ತುಳು-ಕನ್ನಡ ಬಲ್ಲ ವೈದ್ಯರೊಬ್ಬರನ್ನು ಕೂರಿಸಿದರೆ, ಎಷ್ಟೋ ಮಂದಿಗೆ ತಮ್ಮ ಭಾಷೆಯಲ್ಲೇ ಬಾಯಿ ಬಿಡುವ ಧೈರ್ಯ ಬಂದೀತು.