ಮರಕ್ಕೆ ಹೆಸರಿನ ಫಲಕ ಬೇಡ, ಒಗಟು ಕಟ್ಟೋಣ

ಒಂದು ಒಗಟು. ಗಾಯವಾದರೆ ಕೆಂಪು ರಸ ಸುರಿಸುತ್ತೇನೆ. ನನ್ನ ತಿರುಳಿನ ಚೂರನ್ನು ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ ನೀರು ನೀಲಿಯಾಗಿ ಮಿನುಗುತ್ತದೆ. ನನ್ನ ಕಾಯಿ ದುಂಡಗೆ, ಚಪ್ಪಟೆ, ಸುತ್ತಲೂ ರೆಕ್ಕೆ. ನಾನು ಯಾವ ಮರ?

ನನಗೆ ಇದರ ಉತ್ತರ ತಿಳಿದದ್ದು ಮರ ಉರುಳಿದ ಮೇಲೆ. ನಾನು ಬಸ್ ಹತ್ತುವ ಸ್ಟಾಪಿನಲ್ಲಿ ಒಂದು ದೊಡ್ಡ ಮರವಿತ್ತು. ಒಂದೂವರೆ ವರ್ಷ ಅದರ ನೆರಳಿನಲ್ಲೇ ನಿಂತು ಬಸ್ಸಿಗೆ ಕಾದಿದ್ದೇನೆ. ಉದುರಿದ ಕಾಯಿಗಳನ್ನು ಗೆಳತಿಯರ ಜೊತೆ ಒದ್ದು ಆಡಿದ್ದೇನೆ. ರಸ್ತೆ ಅಗಲ ಮಾಡಲು ಅದನ್ನು ಕಡಿದ ದಿನ, ಇದು ಯಾವ ಮರ ಎಂದು ಕೆಲಸದವರನ್ನು ಕೇಳಿದೆ. "ಯಾವುದೋ ಕಾಡು ಮರ ಕಣಮ್ಮ" ಅಂದರು. ನನ್ನ ಹತ್ತಿರವೂ ಬೇರೆ ಉತ್ತರ ಇರಲಿಲ್ಲ. ಒಂದು ಚಕ್ಕೆ ಎತ್ತಿಕೊಂಡು ಮನೆಗೆ ಬಂದೆ. ಬಡಗಿ ಕೆಲಸ ಮಾಡುವ ಅಬ್ಬು ನೋಡಿದ ಕೂಡಲೇ "ಹೊನ್ನೆ" ಎಂದರು. ಗಾಜಿನ ಲೋಟದಲ್ಲಿ ನೆನೆಸಿಟ್ಟು, ಮರುದಿನ ಕಿಟಕಿಯ ಬೆಳಕಿಗೆ ಹಿಡಿದು ನೀಲಿ ಬಣ್ಣ ತೋರಿಸಿದರು. ಅವರು ಏಳನೇ ತರಗತಿಗೆ ಶಾಲೆ ಬಿಟ್ಟವರು. ನಾನು ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆಯುವವಳು. ಆ ದಿನ ನನಗೆ ನಾಚಿಕೆಯಾಯಿತು.

ಪ್ರಥಮ ಪಿಯುಸಿಯ ಎಲೆಯ ಪಾಠ ನೆನಪಿದೆಯೇ? ಒಂದೇ ಗೆಣ್ಣಿನ ಸುತ್ತ ಎಲೆಗಳು ಜೋಡಣೆಯಾಗುವುದಕ್ಕೆ ಉದಾಹರಣೆ ಆಲ್ಸ್ಟೋನಿಯ. ಅಂಗೈಯಾಕಾರದ ಸಂಯುಕ್ತ ಎಲೆಗೆ ಉದಾಹರಣೆ ಸಿಲ್ಕ್ ಕಾಟನ್. ಬಾಯಿಪಾಠ ಮಾಡಿದೆವು, ಬರೆದೆವು, ಮರೆತೆವು. ಆ ಆಲ್ಸ್ಟೋನಿಯ ನಮ್ಮ ಕ್ಯಾಂಟೀನಿನ ಹಿಂದಿರುವ ಹಾಲೆ ಮರ, ಸಿಲ್ಕ್ ಕಾಟನ್ ಎಂದರೆ ಆಟದ ಮೈದಾನದ ಅಂಚಿನ ಬೂರುಗ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಾವು ಥಟ್ಟನೆ ಹೆಸರು ಹೇಳುವುದು ಗುಲ್‌ಮೊಹರ್ ಮತ್ತು ಅಕೇಶಿಯಾಗಳನ್ನು. ಒಂದು ಮಡಗಾಸ್ಕರ್‌ನಿಂದ ಬಂದದ್ದು, ಇನ್ನೊಂದು ಆಸ್ಟ್ರೇಲಿಯಾದಿಂದ. ಅತಿಥಿಗಳ ಹೆಸರು ಗೊತ್ತು, ಮನೆಯವರ ಹೆಸರು ಗೊತ್ತಿಲ್ಲ ಎಂಬಂತಾಗಿದೆ ನಮ್ಮ ಸ್ಥಿತಿ.

ಹೆಸರಿನ ಫಲಕ ಹಾಕಿದರಾಯಿತಲ್ಲ ಎಂದು ಗೆಳತಿಯೊಬ್ಬಳು ಹೇಳಿದಳು. ಗೇಟಿನ ಬಳಿಯ ಹೊಂಗೆಗೆ ಫಲಕ ಇದ್ದೇ ಇದೆ. ದಿನವೂ ಅದರ ಮುಂದೆ ಓಡಾಡುತ್ತೇವೆ. ಅದರ ಎಲೆ ಹೇಗಿದೆ ಎಂದು ಕಣ್ಣು ಮುಚ್ಚಿ ಹೇಳಿ ನೋಡೋಣ! ಫಲಕ ಓದಿದವರು ಫಲಕವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಒಗಟು ಓದಿದವರು ತಲೆಯೆತ್ತಿ ಮರವನ್ನು ನೋಡಲೇಬೇಕು. ಆದ್ದರಿಂದ ನನ್ನ ಸಲಹೆ ಇಷ್ಟೇ: ಒಂದೊಂದು ತರಗತಿ ಒಂದೊಂದು ಮರವನ್ನು ವಹಿಸಿಕೊಂಡು, ಅದಕ್ಕೊಂದು ಒಗಟು ಬರೆದು ರಟ್ಟಿನ ಮೇಲೆ ಅಂಟಿಸಿ ದಾರದಿಂದ ಕಟ್ಟಲಿ. ಮೊಳೆ ಹೊಡೆಯುವುದು ಬೇಡ. ಉತ್ತರ ರಟ್ಟಿನ ಹಿಂಬದಿಯಲ್ಲಿರಲಿ.

ನಾನು ಬರೆದ ಕೆಲವು ಇಲ್ಲಿವೆ.

ಎಲೆಗಳನ್ನು ಛತ್ರಿಯಂತೆ ಬಿಡಿಸಿಟ್ಟಿದ್ದೇನೆ. ಚಿವುಟಿದರೆ ಹಾಲು. ನನ್ನ ವೈಜ್ಞಾನಿಕ ಹೆಸರಿನಲ್ಲೇ ಶಾಲೆ ಇದೆ. (ಹಾಲೆ. ಹೆಸರಿನ ಎರಡನೇ ಭಾಗ ಸ್ಕಾಲಾರಿಸ್. ಹಿಂದೆ ಮಕ್ಕಳು ಬರೆಯುವ ಹಲಗೆಯನ್ನು ಇದರಿಂದ ಮಾಡುತ್ತಿದ್ದರು.)

ಎಳೆಯವನಿದ್ದಾಗ ಮೈತುಂಬ ಮುಳ್ಳು. ಎಲೆಯೆಲ್ಲ ಉದುರಿದ ಮೇಲೆ ಕೆಂಪು ಹೂವು. ಕಾಯಿ ಒಡೆದರೆ ದಿಂಬಿಗೆ ಹತ್ತಿ. (ಬೂರುಗ.)

ಮೈ ಮೊಸಳೆಯದು, ವಾಸ ನೆಲದ ಮೇಲೆ. ಎಲೆ ತಿರುಗಿಸಿ ನೋಡಿ, ತೊಟ್ಟಿನ ಹತ್ತಿರ ಎರಡು ಪುಟ್ಟ ಗಂಟುಗಳಿವೆ. (ಹಾಸ್ಟೆಲ್ ಹಿಂದಿನ ಮತ್ತಿ.)

ಅರೇಬಿಕ್ ಓದುವವರಿಗಾಗಿ ಒಂದು: ಹೆಸರಿನಲ್ಲಿ ಹಿಂದ್ ಇದೆ, ತವರು ಆಫ್ರಿಕಾ, ಕೆಲಸ ಸಾರಿನ ಪಾತ್ರೆಯಲ್ಲಿ. (ಹುಣಸೆ. ತಮರ್ ಹಿಂದಿ, ಅಂದರೆ ಹಿಂದೂಸ್ತಾನದ ಖರ್ಜೂರ. ಇದೂ ಅತಿಥಿಯೇ, ಆದರೆ ತುಂಬಾ ಹಳೆಯ ಅತಿಥಿ.)

ಸಿಇಟಿ, ನೀಟ್ ಹತ್ತಿರ ಬರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಎರಡು ನಿಮಿಷ ನಿಂತರೆ ಯಾರ ರ‍್ಯಾಂಕೂ ತಪ್ಪುವುದಿಲ್ಲ. ಮುಟ್ಟಿ ನೋಡಿದ ಎಲೆ ಪರೀಕ್ಷೆಯಲ್ಲಿ ಮರೆಯುವುದೂ ಇಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಹೆಸರು ಬರುತ್ತದಲ್ಲ ಎಂದೂ ಕೇಳಬಹುದು. ಬರುತ್ತದೆ. ನಾನೂ ಮಾಡಿದ್ದೇನೆ, ಮನೆ ತಲುಪುವಷ್ಟರಲ್ಲಿ ಮರೆತಿದ್ದೇನೆ. ಮೊಬೈಲ್ ಕಾಲೇಜಿಗೆ ತರುವಂತಿಲ್ಲ ಎಂಬುದು ಬೇರೆ ಮಾತು!

ನನಗೆ ಇದು ಬರೀ ಆಟವಲ್ಲ. ಮರ ಕಡಿಯಲು ಅನುಮತಿ ಪಡೆಯಬೇಕೆಂಬ ಕಾಯ್ದೆ ನಮ್ಮ ರಾಜ್ಯದಲ್ಲಿ 1976ರಿಂದಲೇ ಇದೆ. ಆದರೆ ಅನುಮತಿ ಪಡೆದಿರೇ ಎಂದು ಕೇಳುವವರೂ ಬೇಕಲ್ಲ? ಬಸ್ ಸ್ಟಾಪಿನ ಮರಕ್ಕಾಗಿ ನಾನು ಒಂದು ಅರ್ಜಿ ಬರೆಯಬಹುದಿತ್ತು. ಬರೆಯಲಿಲ್ಲ. ಅದು ನನಗೆ ಬರೀ ಒಂದು ನೆರಳಾಗಿತ್ತು. ಹೊನ್ನೆ ಎಂದು ಗೊತ್ತಿದ್ದರೆ ಸುಮ್ಮನೆ ಬಸ್ ಹತ್ತಿ ಬರುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

ಪ್ರಾಂಶುಪಾಲರಲ್ಲಿ ಮತ್ತು ಜೀವಶಾಸ್ತ್ರ ಉಪನ್ಯಾಸಕರಲ್ಲಿ ನನ್ನ ವಿನಂತಿ: ಈ ತಿಂಗಳೇ ಶುರು ಮಾಡೋಣ. ಕಲಾ, ವಾಣಿಜ್ಯ ವಿಭಾಗದವರೂ ಸೇರಲಿ, ಒಗಟು ಕಟ್ಟುವುದರಲ್ಲಿ ಅವರೇ ಮುಂದು. ಮನೆಯ ಹಿರಿಯರನ್ನು ಕೇಳಿ, ನಮ್ಮ ಪುಸ್ತಕದಲ್ಲಿಲ್ಲದ್ದು ಅವರ ಬಾಯಲ್ಲಿದೆ.

ಕೊನೆಗೆ ಒಂದು. ಹೂ ಬಿಡದೆ ಹಣ್ಣು ಕೊಡುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಹೂವನ್ನು ಕಾಯಿಯೊಳಗೇ ಬಚ್ಚಿಟ್ಟಿದ್ದೇನೆ. ಆ ಗುಟ್ಟು ಗೊತ್ತಿರುವುದು ಒಂದು ಪುಟ್ಟ ಕಣಜಕ್ಕೆ. ನೀರಿನ ಟ್ಯಾಂಕಿನ ಪಕ್ಕದಲ್ಲಿದ್ದೇನೆ, ಕಾಯಿಗಳು ಕಾಂಡಕ್ಕೇ ಅಂಟಿಕೊಂಡಿವೆ.

ಇದರ ಉತ್ತರ ಇಲ್ಲಿ ಬರೆಯುವುದಿಲ್ಲ. ಹೋಗಿ ನೋಡಿ ಬನ್ನಿ.