ಮದನಿಕೆಗೆ ಬಣ್ಣ ಬಂತು, ಬಳಿದವನ ಹೆಸರೆಲ್ಲಿ?

ಸರ್ಕಾರಿ ಕಾಂಪೌಂಡಿನ ಮೇಲೆ ಇನ್ನೊಂದು ದರ್ಪಣ ಸುಂದರಿ ಬರೆಸುವ ಮುಂಚೆ ನಮ್ಮ ನಗರಸಭೆ, ಪುರಸಭೆ, ಪಂಚಾಯಿತಿಗಳವರು ಒಂದು ಸಲ ಬೇಲೂರಿಗೆ ಹೋಗಿ ಬರಲಿ. ಫೋಟೊ ತೆಗೆಸಿಕೊಳ್ಳೋದಕ್ಕಲ್ಲ. ಮದನಿಕೆಯರ ಮುಖ ನೋಡಿದ್ದು ಸಾಕು, ಈ ಸಲ ಪಾದದ ಕೆಳಗಿನ ಪೀಠ ನೋಡಲಿ. ಅಲ್ಲಿ ಅಕ್ಷರಗಳಿವೆ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಕೆಲವರು ಹೆಸರಿನ ಜೊತೆ ಬಿರುದನ್ನೂ ಸೇರಿಸಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯಲ್ಲಿ ಕೂಲಿಗೆ ಬಂದ ರೂವಾರಿಗೆ ಹೆಸರು ಹಾಕುವಷ್ಟು ಜಾಗ ಇತ್ತು.

ಈಗ ಅದೇ ಮದನಿಕೆಯನ್ನು ಬಸ್ ಸ್ಟ್ಯಾಂಡ್ ಗೋಡೆಗೆ, ಶಾಲೆ ಕಾಂಪೌಂಡಿಗೆ ಬಣ್ಣದಲ್ಲಿ ಬರೆಯುವವನಿಗೆ ಆ ಜಾಗ ಇಲ್ಲ. ಗೋಡೆ ತುಂಬ ಇಲಾಖೆಯ ಹೆಸರು, ಯೋಜನೆಯ ಲಾಂಛನ, ಗಾಂಧೀಜಿ ಕನ್ನಡಕ. ಬರೆದವನು ಯಾರು? ಎಷ್ಟು ದುಡ್ಡು ಕೊಟ್ಟಿರಿ? ಯಾವ ವರ್ಷ? ಒಂದು ಮೋರಿ ಕಟ್ಟಿದರೂ ಪಕ್ಕದಲ್ಲಿ ಬೋರ್ಡ್ ನೆಡುತ್ತೀರಿ: ಕಾಮಗಾರಿ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು. ಮೋರಿಗೆ ಇರುವ ಮರ್ಯಾದೆ ಚಿತ್ರಕ್ಕೆ ಬೇಡವೆ?

ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿ ಎಷ್ಟು ಕಡೆ ಇದೆ ಎಂದು ಹೋದವರಿಗೆ ಗೊತ್ತು. ಮನುಷ್ಯ ಕೆಲವು ಕಡೆ ಪೂರ್ತಿ ಹೆಸರು ಕೆತ್ತುವಷ್ಟೂ ಪುರುಸೊತ್ತಿಲ್ಲದೆ ಒಂದೆರಡು ಅಕ್ಷರದಲ್ಲೇ ಮುಗಿಸಿದ್ದಾನೆ. ನಾವು ಮಾತ್ರ ಇಂಥ ಕಲ್ಲಿನ ಮೇಲಿನ ಹೆಸರುಗಳನ್ನು ಬಿಟ್ಟು, ಎಲ್ಲ ಕೀರ್ತಿಯನ್ನೂ ಐತಿಹ್ಯದ ಜಕಣಾಚಾರಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದೇವೆ. ಪ್ರತಿ ಜನವರಿ 1ಕ್ಕೆ ಸರ್ಕಾರಿ ಸಂಸ್ಮರಣೆಯೂ ಆಗುತ್ತದೆ. ಆಗಲಿ, ತಕರಾರಿಲ್ಲ. ದಾಸೋಜನ ಹೆಸರು ಹೇಳಿ ಎಂದರೆ ವೇದಿಕೆಯಲ್ಲಿ ಎಷ್ಟು ಜನ ಹೇಳುತ್ತಾರೋ ನೋಡಬೇಕು.

ಗೋಡೆ ಬದಲಾಗಬಾರದು ಎಂಬುದು ನಮ್ಮ ವಾದ ಅಲ್ಲ. ಗೋಡೆ ಬದಲಾಗಲೇಬೇಕು. ಡಿಸ್ಟೆಂಪರ್ ಎರಡು ಮಳೆಗಾಲ ತಡೆದರೆ ಹೆಚ್ಚು. ಅರಸೀಕೆರೆಯಿಂದ ಬಾಣಾವರ, ಜಾವಗಲ್ ಹಾದು ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಂದೊಂದು ಗೋಡೆಯೂ ಎಷ್ಟು ವೇಷ ಹಾಕಿದೆ! ಒಂದು ಕಾಲಕ್ಕೆ ಸಿಮೆಂಟ್ ಜಾಹೀರಾತು, ಆಮೇಲೆ ಕಮಲ, ಕೈ, ತೆನೆ ಹೊತ್ತ ಮಹಿಳೆ. ಚುನಾವಣೆ ಘೋಷಣೆ ಆದ ದಿನ ಸುಣ್ಣದ ಬಕೆಟ್ ಹಿಡಿದು ನೌಕರರು ಓಡುತ್ತಾರೆ. ಸರ್ಕಾರಿ ಕಟ್ಟಡಕ್ಕೆ 24 ಗಂಟೆ, ಸಾರ್ವಜನಿಕ ಜಾಗಕ್ಕೆ 48, ಅನುಮತಿ ಇಲ್ಲದೆ ಖಾಸಗಿ ಗೋಡೆಗೆ ಬರೆದಿದ್ದರೆ 72 ಗಂಟೆ, ಇದು ಆಯೋಗದ ಗಡುವು. ಸರ್ಕಾರ ಮನಸ್ಸು ಮಾಡಿದರೆ ಗೋಡೆಯ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಣ್ಣ ಬರೀ ಅಂದಕ್ಕೆ ಎನ್ನುವವರು 2022ರ ನವೆಂಬರ್ ನೆನಪಿಸಿಕೊಳ್ಳಲಿ. ‘ವಿವೇಕ’ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯುವ ಮಾತು ಬಂದಾಗ ಇಡೀ ರಾಜ್ಯ ಎರಡು ಪಾಳಯವಾಗಿ ಕೂತು ಜಗಳ ಆಡಿತು. ಬಣ್ಣದ ಬಗ್ಗೆ ಅಷ್ಟು ಮಾತಾಡಿದವರಲ್ಲಿ ಒಬ್ಬರಾದರೂ ಬಳಿಯುವವನ ದಿನಗೂಲಿ ಕೇಳಿದ್ದು ನಮ್ಮ ಕಿವಿಗೆ ಬೀಳಲಿಲ್ಲ.

ನಮ್ಮ ಹೆಚ್ಚಿನ ಸಿಟ್ಟು ಇರುವುದು ಇನ್ನೊಂದು ಗೋಡೆಯ ಬಗ್ಗೆ. ನರೇಗಾ ಬಂದ ಮೇಲೆ ಪಂಚಾಯಿತಿ ಗೋಡೆಗಳ ಮೇಲೆ ಲೆಕ್ಕ ಬರೆಸುವ ನಿಯಮ ಬಂದಿತ್ತು. ಜಾಬ್ ಕಾರ್ಡ್ ಯಾರದು, ಎಷ್ಟು ದಿನ ಕೆಲಸ, ಎಷ್ಟು ಕೂಲಿ. ರಾಜಸ್ಥಾನದ ರಾಜಸಮಂದ್ ಜಿಲ್ಲೆಯ ವಿಜಯಪುರ ಪಂಚಾಯಿತಿ ಇಂಥ ಲೆಕ್ಕದ ಗೋಡೆಗಳಿಂದಲೇ ಹೆಸರಾಯಿತು. ಮರುಭೂಮಿಯ ರಾಜ್ಯದವರು ಗೋಡೆಯನ್ನು ರಸೀದಿ ಪುಸ್ತಕ ಮಾಡಿಕೊಂಡರು. ಓದಲು ಬಾರದ ಅಜ್ಜಿಯೂ ಮೊಮ್ಮಗನನ್ನು ನಿಲ್ಲಿಸಿ ತನ್ನ ಹೆಸರಿನ ಮುಂದೆ ಎಷ್ಟಿದೆ ಎಂದು ಓದಿಸಬಹುದು. ಹೋಗದ ಕೆಲಸಕ್ಕೆ ಕೂಲಿ ಬಿದ್ದಿದ್ದರೆ ಅಲ್ಲೇ ಜಗಳ ಶುರು.

ನಮ್ಮ ಕಡೆಯ ಒಂದು ಪಂಚಾಯಿತಿಯಲ್ಲಿ ಆ ಪಟ್ಟಿಯ ಮೇಲೆ ಪ್ರೈಮರ್ ಹೊಡೆದು ಸಳ ಹುಲಿ ಹೊಡೆಯುವ ಚಿತ್ರ ಬರೆಸಿದ್ದಾರೆ. ಚಿತ್ರ ಚೆನ್ನಾಗಿಯೇ ಇದೆ. ಲೆಕ್ಕ ಎಲ್ಲಿ ಎಂದು ಕೇಳಿದರೆ, ‘ಆನ್‌ಲೈನಲ್ಲಿ ಐತೆ ನೋಡ್ಕಳಿ ಸಾರ್’ ಎಂದರು. ಮೊಬೈಲಿನಲ್ಲಿ ಆ ವೆಬ್‌ಸೈಟ್ ತೆರೆದು ತನ್ನ ಹೆಸರು ಹುಡುಕುವ ಕೂಲಿಯಾಳು ಯಾರಾದರೂ ಸಿಕ್ಕರೆ ನಮಗೂ ತೋರಿಸಿ.

ಊರು ಚಂದ ಕಾಣಲಿ ಬಿಡ್ರಿ, ಎಲ್ಲದಕ್ಕೂ ಕೊಂಕೇನು ಎನ್ನುವವರಿದ್ದಾರೆ. 2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಕೂತ ಯುನೆಸ್ಕೊ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ, ಬರುವವರಿಗೆ ಊರು ಚೆನ್ನಾಗಿ ಕಾಣಬೇಡವೆ ಎನ್ನುತ್ತಾರೆ. ಕಾಣಲಿ. ಆದರೆ ಅಸಲಿ ಮದನಿಕೆ ಎದುರಿಗೇ ಇರುವಾಗ ಗೋಡೆಯ ನಕಲು ಯಾರಿಗೆ? ಅರಸೀಕೆರೆಯ ಈಶ್ವರ ಗುಡಿ ಆ ಪಟ್ಟಿಯಲ್ಲಿಲ್ಲ. ಅದರ ನಕ್ಷತ್ರಾಕಾರದ ತೆರೆದ ಮಂಟಪ ನೋಡದವರು ನಮ್ಮ ತಾಲ್ಲೂಕಿನಲ್ಲೇ ಬೇಕಾದಷ್ಟು ಜನ. ಬರೆಸುವುದಾದರೆ ಅದನ್ನು ಬರೆಸಿ. ಕೊಬ್ಬರಿ ಹರಾಜು ಬರೆಸಿ, ಸುಳಿ ಒಣಗಿದ ತೆಂಗಿನ ತೋಟ ಬರೆಸಿ.

ಬೆಂಗಳೂರಲ್ಲಿ 2009ರಲ್ಲಿ ಇದೇ ಆಯಿತು. ಫ್ಲೆಕ್ಸ್ ಬಂದು ಬ್ರಷ್ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಬಿಬಿಎಂಪಿ ಗೋಡೆ ಕೊಟ್ಟಿತು. ಹಂಪಿ ರಥ, ಯಕ್ಷಗಾನ, ಹುಲಿ, ಆನೆ ಬಂದವು. ಕೆಲಸ ಕೊಟ್ಟದ್ದು ಒಳ್ಳೆಯದೇ. ಆಮೇಲೆ ಪೋಸ್ಟರ್ ಮೆತ್ತಿಕೊಂಡು, ಬಣ್ಣ ಉದುರಿ ಹೋಯಿತು. ಯಾವ ಗೋಡೆ ಯಾರದು ಎಂದು ಈಗ ಹೇಳುವವರಿಲ್ಲ. ಅದೇ ಊರಲ್ಲಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಬಾದಲ್ ನಂಜುಂಡಸ್ವಾಮಿ ಮೊಸಳೆ ಇಳಿಸಿದರು. ಪಾಲಿಕೆ ಗುಂಡಿ ಮುಚ್ಚಿತು, ಮೊಸಳೆ ಹೋಯಿತು. ಮೊಸಳೆ ಉಳಿಯಲಿಲ್ಲ ಎಂದು ಯಾರೂ ಅಳಲಿಲ್ಲ. ಮಾಡಿದವರ ಹೆಸರು ಎಲ್ಲರಿಗೂ ನೆನಪಿದೆ.

ಹೆಸರಿನ ವಿಷಯಕ್ಕೆ ನಮಗೇಕೆ ಇಷ್ಟು ಉರಿ ಎಂದು ಕೇಳಬಹುದು. ನಾವು ಸ್ಟ್ರಿಂಗರ್‌ಗಳು ಸ್ವಾಮಿ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸಿಕೊಳ್ಳುವವರು. ನಾಲ್ಕು ಹಳ್ಳಿ ಸುತ್ತಿ ಕಳಿಸಿದ ವರದಿ ಮರುದಿನ ‘ನಮ್ಮ ಪ್ರತಿನಿಧಿಯಿಂದ’ ಎಂದು ಅಚ್ಚಾಗುತ್ತದೆ. ಸುದ್ದಿ ತಪ್ಪಾದರೆ ಮಾತ್ರ ಫೋನು ನೇರ ನಮ್ಮ ಹೆಸರಿಗೇ ಬರುತ್ತದೆ.

ಅರಸೀಕೆರೆಯಲ್ಲಿ ನಮಗೆ ಪರಿಚಯದ ಒಬ್ಬ ಪೇಂಟರ್ ಇದ್ದಾರೆ. ಮೊದಲು ಅಂಗಡಿ ಬೋರ್ಡ್, ಲಾರಿ ಹಿಂಬದಿ ಬರೆಯುತ್ತಿದ್ದವರು. ಈಗ ಗುತ್ತಿಗೆ ಹಿಡಿದವರ ಕೈಕೆಳಗೆ ಚದರಡಿ ಲೆಕ್ಕದಲ್ಲಿ ಹೊಯ್ಸಳರನ್ನು ಬರೆಯುತ್ತಾರೆ. ಒಂದು ಸಲ ಮೂಲೆಯಲ್ಲಿ ಹೆಸರು ಹಾಕಿದ್ದಕ್ಕೆ ಅಳಿಸಿ ಅಂದರಂತೆ. ‘ಅಳ್ಸ್ದೆ ಕಣಣ್ಣ. ಬಿಲ್ ಆಗ್ಬೇಕಲ್ಲ’ ಎಂದು ನಕ್ಕರು.

ಮಾಹಿತಿ ಹಕ್ಕಿನಡಿ ನಾವು ಅರ್ಜಿ ಬರೆದಿದ್ದೇವೆ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಕೇಳಿದ್ದು ಮೂರೇ: ಗೋಡೆ ಚಿತ್ರಕ್ಕೆ ಮಂಜೂರಾದದ್ದೆಷ್ಟು, ಬ್ರಷ್ ಹಿಡಿದವರಿಗೆ ತಲುಪಿದ್ದೆಷ್ಟು, ಕೂಲಿ ಪಟ್ಟಿ ಅಳಿಸಲು ಆದೇಶ ಕೊಟ್ಟವರು ಯಾರು. 30 ದಿನದೊಳಗೆ ಉತ್ತರ ಕೊಡಬೇಕು. ಬಂದದ್ದನ್ನು ಬಂದ ಹಾಗೇ ಇಲ್ಲಿ ಹಾಕುತ್ತೇವೆ. ನಿಮ್ಮೂರಿನ ಪಂಚಾಯಿತಿಗೂ ಇದೇ ಅರ್ಜಿ ಹಾಕುವುದಾದರೆ ಪ್ರತಿ ಕೇಳಿ, ಕಳಿಸಿಕೊಡುತ್ತೇವೆ.